ತೊಳೆದ ಹತ್ತು ಮೊಟ್ಟೆಗಳು

ವಿಯೆನ್ನಾಕ್ಕೆ ಬಂದ ಮೊದಲ ವಾರ ಸೂಪರ್ ಮಾರ್ಕೆಟ್ಟಿನ ಫ್ರಿಜ್‌ಗಳನ್ನೆಲ್ಲ ಜಾಲಾಡಿದರೂ ಮೊಟ್ಟೆ ಕಾಣಲಿಲ್ಲ. ಹಿಂದಿನ ಮೂರು ವರ್ಷ ನಾನಿದ್ದದ್ದು ನ್ಯೂಜೆರ್ಸಿಯಲ್ಲಿ. ಅಲ್ಲಿ ಮೊಟ್ಟೆಯೆಂದರೆ ಹಾಲಿನ ಪಕ್ಕದಲ್ಲಿ ತಣ್ಣಗೆ, ಬೆಳ್ಳಗೆ ಕುಳಿತಿರುವ ವಸ್ತು. ಇಲ್ಲಿ ನೋಡಿದರೆ ಹಾಸನದ ನಮ್ಮ ಕಿರಾಣಿ ಅಂಗಡಿಯಂತೆಯೇ ಹೊರಗಿಟ್ಟಿದ್ದಾರೆ! ಒಂದಕ್ಕೆ ಪುಕ್ಕದ ಎಳೆಯೂ ಅಂಟಿಕೊಂಡಿತ್ತು.

ಬೇಸಿಗೆಯಲ್ಲಿ ಅಮ್ಮ ಬಂದರು. ನಾಟಿಕೋಳಿಯ ಮೊಟ್ಟೆಯನ್ನು ಹಿಕ್ಕೆ ತೊಳೆಯದೆ ಒಳಗೆ ಸೇರಿಸದವರು ಅವರು. ಹತ್ತು ಮೊಟ್ಟೆಗಳನ್ನೂ ನಲ್ಲಿಯ ತಣ್ಣೀರಿಗೆ ಹಿಡಿದು, ಒರೆಸಿ, ಬುಟ್ಟಿಯಲ್ಲಿಟ್ಟರು. ನನಗೆ ಷ್ನಿಟ್ಸೆಲ್ (ಬ್ರೆಡ್ ಪುಡಿ ಹೊದಿಸಿ ಕರಿಯುವ ತೆಳು ಮಾಂಸ) ಕಲಿಸಲು ಬಂದಿದ್ದ ಪಕ್ಕದ ಮನೆಯ ಅಜ್ಜಿ ಅದನ್ನು ಕಂಡು ಉದ್ಗರಿಸಿದ್ದು ಜರ್ಮನ್ ಭಾಷೆಯಲ್ಲಾದರೂ ಅಮ್ಮನಿಗೆ ಅನುವಾದ ಬೇಕಾಗಲಿಲ್ಲ.

ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕೋಳಿ ಮೊಟ್ಟೆಯಿಡುವ ಮುನ್ನ ಕೊನೆಯದಾಗಿ ಅದರ ಮೇಲೆ ಪ್ರೋಟೀನಿನ ತೆಳುವಾದ ಪೊರೆಯೊಂದು ಕೂರುತ್ತದೆ. ಗಾಳಿಗೆ ಒಣಗಿ ರಂಧ್ರಗಳನ್ನು ಮುಚ್ಚುತ್ತದೆ. ತೊಳೆದರೆ ಅದು ಹಾಳಾಗುತ್ತದೆಂದೇ ಯುರೋಪಿಯನ್ ಒಕ್ಕೂಟದಲ್ಲಿ ‘ಎ’ ದರ್ಜೆಯ ಮೊಟ್ಟೆಯನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ. ಅಮೆರಿಕದವರು ತೊಳೆಯುತ್ತಾರೆ, ಆದರೆ ಮೊಟ್ಟೆಗಿಂತ ಬೆಚ್ಚಗಿರುವ ನೀರಿನಲ್ಲಿ; ಬಳಿಕ ಸುಮಾರು 7 ಡಿಗ್ರಿಯ ತಂಪಿನಲ್ಲಿಡುತ್ತಾರೆ. ತಣ್ಣೀರು ಬಿದ್ದರೆ ಒಳಗಿನದು ಕುಗ್ಗಿ, ಹೊರಗಿನ ಕೊಳೆನೀರನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ಅಂದರೆ ಇರುವುದರಲ್ಲೇ ಕೆಟ್ಟ ವಿಧಾನ ನಮ್ಮ ಮನೆಯದು. ಊರಿನಲ್ಲಿ ಅದರಿಂದ ತೊಂದರೆಯಾಗದೆ ಉಳಿದದ್ದು ಮೊಟ್ಟೆ ಮರುದಿನದವರೆಗೆ ಉಳಿಯುತ್ತಿರಲಿಲ್ಲ ಎಂಬ ಕಾರಣಕ್ಕೇ ಇರಬೇಕು.

ಅಜ್ಜಿ ಮೂರು ತಟ್ಟೆ ಜೋಡಿಸಿದರು: ಹಿಟ್ಟು, ಮೊಟ್ಟೆ, ಬ್ರೆಡ್ ಪುಡಿ. “ಇಷ್ಟೊಂದು ತಟ್ಟೆ ಯಾತಕ್ಕೆ? ಬೋಂಡಕ್ಕಾದರೆ ಒಂದೇ ಪಾತ್ರೆ ಸಾಕು” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದರು. ಬಡಿದು ತೆಳುವಾಗಿಸಿದ ಮಾಂಸದ ತೇವವನ್ನು ಹಿಟ್ಟು ಹೀರಿಕೊಳ್ಳುತ್ತದೆ, ಆ ಒಣ ಮೈಗೆ ಮೊಟ್ಟೆ ಹಿಡಿಯುತ್ತದೆ, ಮೊಟ್ಟೆಗೆ ಪುಡಿ ಅಂಟುತ್ತದೆ. ಬಿಸಿಗೆ ಮೊಟ್ಟೆ ಗಟ್ಟಿಯಾದಾಗ ಎಲ್ಲವೂ ಒಂದೇ ಹೊದಿಕೆ. ನಾನು ಕಟ್ಲೆಟ್ಟಿಗೆ ರವೆ ಒತ್ತುವಂತೆ ಪುಡಿಯನ್ನು ಅಂಗೈಯಿಂದ ಒತ್ತಿದೆ. ಅಜ್ಜಿ ಕೈಗೆ ಮೆಲ್ಲಗೆ ಹೊಡೆದರು. ಒತ್ತಬಾರದಂತೆ! ಸಡಿಲವಾಗಿದ್ದರೆ ಮಾತ್ರ ಒಳಗಿನ ಹಬೆ ಹೊದಿಕೆಯನ್ನು ಮಾಂಸದಿಂದ ಮೇಲಕ್ಕೆತ್ತಿ ಪೂರಿಯಂತೆ ಅಲೆಅಲೆಯಾಗಿ ಉಬ್ಬಿಸುತ್ತದೆ. ಬಾಣಲೆಯನ್ನು ಅಲುಗಾಡಿಸುತ್ತಾ ಬಿಸಿ ಕೊಬ್ಬು ಮೇಲೆ ಹರಿಯುವಂತೆ ಮಾಡುವುದೂ ಅದಕ್ಕೇ. (ನಮ್ಮದು ಕೋಳಿ ಮಾಂಸ. ಎಳಗರುವಿನ ಮಾಂಸದ್ದಲ್ಲದಿದ್ದರೆ ಹೋಟೆಲಿನವರು ಅದನ್ನು ‘ವೀನರ್ ಷ್ನಿಟ್ಸೆಲ್’ ಎಂದಷ್ಟೇ ಕರೆದು ಮಾರುವಂತಿಲ್ಲ.)

ನಾನು ಒತ್ತಿದ್ದು ಚಪ್ಪಟೆಯಾಗಿಯೇ ಉಳಿಯಿತು. ಅಜ್ಜಿಯದು ಉಬ್ಬಿತು, ಅಮ್ಮನದು ಅದಕ್ಕಿಂತಲೂ ಚೆನ್ನಾಗಿ ಉಬ್ಬಿತು.

ತೊಳೆದ ಹತ್ತರಲ್ಲಿ ಎರಡು ಹೀಗೆ ಖರ್ಚಾದವು. ಉಳಿದ ಎಂಟನ್ನು ಅಂದು ರಾತ್ರಿಯೇ ಅಮ್ಮ ಮೊಟ್ಟೆ ಸಾರು ಮಾಡಿ ಮುಗಿಸಿದರು. ಅಜ್ಜಿಯ ಮನೆಗೂ ಒಂದು ಬಟ್ಟಲು ಹೋಯಿತು.