ಕೆಂಪು ಮಸಿಯಲ್ಲಿ ಹೊಡೆದ ಎರಡಕ್ಷರ

ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡವರು ನಾವು ಹನ್ನೊಂದು ಜನ. ಊಟವಾದ ಮೇಲಿನ ಮೊದಲ ಪೀರಿಯಡ್ ಕಾವ್ಯದ್ದು, ಅಂದರೆ ಅರ್ಧ ತರಗತಿ ತೂಕಡಿಸುವ ಹೊತ್ತು. ಒಂದು ದಿನ ಮೇಷ್ಟರು ಹಾಜರಿ ಮುಗಿಸಿದವರೇ ಹೇಳಿದರು: “ಕೆಂಪು ಪೆನ್ನು ಇದ್ದವರು ತೆಗೆಯಿರಿ. ಪುಸ್ತಕದಲ್ಲಿ ಎರಡಕ್ಷರ ಹೊಡೆದುಹಾಕಬೇಕು.”

ಪದ್ಯ ಥಾಮಸ್ ವಯಟ್‌ನದು. ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದವನು, ರಾಯಭಾರಿಯಾಗಿ ಯುರೋಪು ಸುತ್ತಿದವನು. ಒಂದು ಕಾಲಕ್ಕೆ ಬರಿಗಾಲಲ್ಲಿ ನನ್ನ ಕೋಣೆಗೆ ಬಂದು ನನ್ನ ಕೈಯಿಂದಲೇ ರೊಟ್ಟಿ ತಿನ್ನುತ್ತಿದ್ದವರು ಈಗ ನನ್ನನ್ನು ಕಂಡರೆ ಓಡುತ್ತಾರೆ ಎನ್ನುತ್ತಾನೆ. ಜಿಂಕೆಗಳೋ ಹೆಂಗಸರೋ, ಬಿಡಿಸಿ ಹೇಳುವುದಿಲ್ಲ. ನಡುವೆ ಒಬ್ಬಳು ಮಾತ್ರ ನಿಚ್ಚಳವಾಗಿ ಕಾಣುತ್ತಾಳೆ. ಉಡುಗೆ ಭುಜದಿಂದ ಜಾರಿದೆ. ನೀಳವಾದ ತೋಳುಗಳಲ್ಲಿ ಅವನನ್ನು ಹಿಡಿದು, ಮುತ್ತಿಟ್ಟು, ‘ಹೇಗಿದೆ?’ ಎಂದು ಮೆಲ್ಲಗೆ ಕೇಳುತ್ತಾಳೆ. (ಇಷ್ಟು ಹೊತ್ತಿಗೆ ತೂಕಡಿಸುತ್ತಿದ್ದವರೆಲ್ಲ ನೆಟ್ಟಗೆ ಕುಳಿತಿದ್ದರು.) ಆಮೇಲೆ ಅವಳೂ ಬಿಟ್ಟುಹೋಗುತ್ತಾಳೆ. ನನ್ನನ್ನು ಇಷ್ಟು ‘ಕೈಂಡ್ಲಿ’, ಅಂದರೆ ದಯೆಯಿಂದ, ನಡೆಸಿಕೊಂಡಳಲ್ಲ, ಅವಳಿಗೆ ತಕ್ಕದ್ದು ಏನೋ ತಿಳಿಯಬೇಕಾಗಿದೆ ಎಂದು ಪದ್ಯ ಮುಗಿಯುತ್ತದೆ.

ನಮ್ಮ ಪುಸ್ತಕದಲ್ಲಿ ಇದ್ದದ್ದು ‘ಅನ್‌ಕೈಂಡ್ಲಿ’. ವಯಟ್ ತೀರಿಕೊಂಡದ್ದು 1542ರಲ್ಲಿ. 1557ರಲ್ಲಿ ರಿಚರ್ಡ್ ಟಾಟಲ್ ಎಂಬ ಮುದ್ರಕ ತಂದ ಸಂಕಲನದಲ್ಲಿ ಅವನ ಕುಂಟುವ ಸಾಲುಗಳನ್ನು ಛಂದಸ್ಸಿಗೆ ಕೂರಿಸಿ ನಯಮಾಡಿದರು. ಈ ಪದವೂ ಆಗಲೇ ಬದಲಾಯಿತು. ಹಸ್ತಪ್ರತಿಯಲ್ಲಿರುವುದು ‘ಕೈಂಡ್ಲಿ’.

“ನಿಮ್ಮಜ್ಜಿ ‘ದೊಡ್ಡ ಉಪಕಾರ ಮಾಡಿದೆಯಪ್ಪ’ ಎಂದರೆ ನಿಮಗೆ ಹೇಗಾಗುತ್ತದೆ? ಅದನ್ನು ಯಾರೋ ‘ಅಪಕಾರ’ ಎಂದು ತಿದ್ದಿದರೆ ಅಜ್ಜಿಯ ಬಾಯಿ ಕಟ್ಟಿದ ಹಾಗಲ್ಲವೇ?” ಎಂದರು ಮೇಷ್ಟರು. ಆ ಕಾಲದ ಇಂಗ್ಲಿಷಿನಲ್ಲಿ ‘ಕೈಂಡ್’ ಎಂದರೆ ಹುಟ್ಟುಗುಣವೂ ಹೌದಂತೆ, ನಾವು ಸುಟ್ಟರೂ ಹೋಗದು ಎನ್ನುವ ಅದೇ ಗುಣ. ಅವಳು ತನ್ನ ಗುಣಕ್ಕೆ ತಕ್ಕಂತೆ ನಡೆದುಕೊಂಡಳು ಎಂಬುದು ಸಮಾಧಾನವೋ ಚುಚ್ಚುಮಾತೋ? ಶ್ಲೇಷೆಯನ್ನು ಕನ್ನಡದ ಪಾಠದಲ್ಲಿ ಉದಾಹರಣೆ ಸಹಿತ ಉರು ಹೊಡೆದಿದ್ದ ನಮಗೆ ಅದು ಹೀಗೆ ಕಚ್ಚುತ್ತದೆಂದು ಗೊತ್ತಿರಲಿಲ್ಲ.

ಮರುದಿನ ವಯಟ್‌ನದೇ ಜಿಂಕೆಯ ಸುನೀತ (ಹದಿನಾಲ್ಕು ಸಾಲಿನ ಪದ್ಯ), ಇಟಲಿಯ ಕವಿ ಪೆಟ್ರಾರ್ಕನಿಂದ ಪಡೆದದ್ದು. ಪೆಟ್ರಾರ್ಕನ ಜಿಂಕೆಯ ಕೊರಳಪಟ್ಟಿಯ ಮೇಲೆ, ಯಾರೂ ಮುಟ್ಟಬೇಡಿ, ನನ್ನ ಸೀಸರ್ ನನ್ನನ್ನು ಸ್ವತಂತ್ರವಾಗಿ ಬಿಟ್ಟಿದ್ದಾನೆ ಎಂದಿದೆ. ವಯಟ್‌ನ ಜಿಂಕೆ ಹೇಳುವುದು: ಮುಟ್ಟಬೇಡ, ನಾನು ಸೀಸರನ ಸ್ವತ್ತು. ಆ ಜಿಂಕೆಯಲ್ಲಿ ಬಹಳ ಮಂದಿ ಹೆನ್ರಿಯ ರಾಣಿ ಆ್ಯನ್ ಬೊಲಿನ್‌ಳನ್ನು ಕಾಣುತ್ತಾರೆ. 1536ರ ಮೇ 19ರಂದು ಆ ರಾಣಿಯ ತಲೆ ಉರುಳಿದಾಗ ವಯಟ್ ಲಂಡನ್ ಟವರಿನ ಸೆರೆಯಲ್ಲಿದ್ದ. ಇಷ್ಟು ಹೇಳಿ ಮೇಷ್ಟರು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟರು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಈಗ ನಾನು ಪತ್ರಿಕೆಯೊಂದರಲ್ಲಿ ಉಪಸಂಪಾದಕ. ದಿನಕ್ಕೆ ಎಷ್ಟು ಜನರ ಉಪಕಾರವನ್ನು ಅಪಕಾರ ಮಾಡುತ್ತೇನೋ ಲೆಕ್ಕವಿಟ್ಟಿಲ್ಲ.

ಆ ಪುಸ್ತಕವನ್ನು ಪರೀಕ್ಷೆ ಮುಗಿದ ವಾರವೇ ಕಿರಿಯನೊಬ್ಬನಿಗೆ ಅರ್ಧ ಬೆಲೆಗೆ ಮಾರಿದ್ದೆ. ಎರಡೇ ದಿನಕ್ಕೆ ಹುಡುಕಿಕೊಂಡು ಬಂದ. “ಅಣ್ಣ, ಒಂದು ಕಡೆ ಕೆಂಪು ಮಸಿ ಬಳಿದು ಅಕ್ಷರ ಹಾಳಾಗಿದೆ, ಐದು ರೂಪಾಯಿ ಕಡಿಮೆ ಮಾಡಿ” ಎಂದ. ಐದು ರೂಪಾಯಿ ಕೊಟ್ಟು, ಮಿಕ್ಕದ್ದನ್ನು ಮೇಷ್ಟರ ಹತ್ತಿರ ಕೇಳು ಎಂದು ಕಳುಹಿಸಿದೆ.