ಏಳದ ಪೆಟ್ರೋಲ್ ಮುಚ್ಚಳ: ರಿಪೇರಿ ಎಲ್ಲಿಗೆ ಬಂತು

ಶನಿವಾರ ಸಂಜೆ

ಕಾರಿನಲ್ಲಿ ಸೀಟಿನ ಪಕ್ಕದ ಲಿವರ್ ಎಳೆದರೆ ಹಿಂದುಗಡೆ ‘ಟಕ್’ ಎಂಬ ಸದ್ದು ಬರುತ್ತದೆ, ಪೆಟ್ರೋಲ್ ಮುಚ್ಚಳ ಮಾತ್ರ ಏಳುವುದಿಲ್ಲ. ಕೇಬಲ್ ಹೋಗಿದೆ, ಬದಲಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದರು. ಬದಲಿಸುವುದೆಂದರೆ ನೆಲಹಾಸು, ಹಿಂದಿನ ಸೀಟು, ಡಿಕ್ಕಿಯ ಪಕ್ಕದ ಹೊದಿಕೆ ಎಲ್ಲವನ್ನೂ ಬಿಚ್ಚುವ ಕೆಲಸ. ಸದ್ದು ಬರುತ್ತಿರುವಾಗ ಕೇಬಲನ್ನು ದೂರಲು ನನಗೆ ಮನಸ್ಸಾಗಲಿಲ್ಲ.

ಕೇಬಲ್ ಮಾಡುವುದು ಮುಚ್ಚಳವನ್ನು ಕಚ್ಚಿ ಹಿಡಿದಿರುವ ಪಿನ್ನನ್ನು ಹಿಂದಕ್ಕೆ ಎಳೆಯುವುದು, ಅಷ್ಟೇ. ಮುಚ್ಚಳವನ್ನು ಹೊರಕ್ಕೆ ತಳ್ಳುವುದು ಒಂದು ಪುಟ್ಟ ಪಟ್ಟಿ ಸ್ಪ್ರಿಂಗ್. ತಮ್ಮನನ್ನು ಸೀಟಿನಲ್ಲಿ ಕೂರಿಸಿ, ಲಿವರ್ ಎಳೆದು ಹಿಡಿ ಎಂದೆ. ಅಂಚಿಗೆ ಹಳೆಯ ಪ್ಲಾಸ್ಟಿಕ್ ಕಾರ್ಡ್ ತೂರಿಸಿದೆ; ಮುಚ್ಚಳ ಸಲೀಸಾಗಿ ಬಂತು. ‘ಹಾಗಾದರೆ ಕೇಬಲ್ ಚೆನ್ನಾಗಿಯೇ ಇದೆಯಲ್ಲ ಅಣ್ಣಾ’ ಎಂದ. ಇದೇ ಜಾಗಕ್ಕೆ ಅವಸರದಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಣ್ಣ ಚಕ್ಕೆಯೆದ್ದ ಕಡೆಯಿಂದಲೇ ತುಕ್ಕು ಶುರುವಾಗುತ್ತದೆ.

ಭಾನುವಾರ ಬೆಳಿಗ್ಗೆ

ಒಳಗಿನ ಟ್ಯಾಂಕ್ ಕ್ಯಾಪನ್ನು ಬಿಗಿಯಾಗಿ ತಿರುಗಿಸಿಟ್ಟು, ಮನೆಯ ಮುಂದೆ ಬಯಲಿನಲ್ಲೇ ಕೆಲಸ ಶುರು ಮಾಡಿದೆ. ಪೆಟ್ರೋಲಿನ ಆವಿಯನ್ನು ತಡೆಯುವುದು ಆ ಕ್ಯಾಪು, ಹೊರಗಿನ ಮುಚ್ಚಳವಲ್ಲ. ಹತ್ತಿರದಲ್ಲಿ ಬೀಡಿ, ಬೆಂಕಿ, ಕಿಡಿ ಹಾರಿಸುವ ಯಂತ್ರ ಯಾವುದೂ ಕೂಡದು.

ದಾವಣಗೆರೆಯಿಂದ ಹರಿಹರದ ಕಡೆಗೆ, ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಕಟಾವಿನ ಕಾಲದಲ್ಲಿ ಓಡಾಡಿದ ಕಾರು ಇದು. ಮುಚ್ಚಳದ ಕೀಲಿನ ಸಂದಿಯಲ್ಲಿ ಹೊಟ್ಟು, ದೂಳು, ಹಳೆಯ ಎಣ್ಣೆ ಸೇರಿ ಕಪ್ಪು ಮುದ್ದೆಯಾಗಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿಗೆ ಸೋಪಿನ ನೀರು ಹಚ್ಚಿ ಉಜ್ಜಿದಾಗ ಬಟ್ಟೆ ತುಂಬ ಕೊಳೆ ಬಂತು. ಮುಚ್ಚಳದ ಹಿಂದಿನ ಗೂಡಿನ ತಳದಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರವೂ ಮುಚ್ಚಿಹೋಗಿತ್ತು. ಅಲ್ಲಿ ಮಳೆನೀರು ನಿಂತರೆ ಗೂಡಿಗೇ ತುಕ್ಕು ಹಿಡಿಯುತ್ತದೆ. ತಂತಿ ಹಾಕದೆ ಮೆದುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಿದೆ.

ಕೀಲಿಗೂ ಪಿನ್ನಿಗೂ ಸಿಲಿಕೋನ್ ಸ್ಪ್ರೇ ಹೊಡೆದು, ಹೆಚ್ಚಾದದ್ದನ್ನು ಒರೆಸಿದೆ. ಎಣ್ಣೆ ಸುರಿದುಬಿಟ್ಟರೆ ಮತ್ತೆ ದೂಳು ಅಂಟುತ್ತದೆ.

ಭಾನುವಾರ ಮಧ್ಯಾಹ್ನ

ಕೀಲು ಈಗ ಬೆರಳಿನಲ್ಲಿ ತಳ್ಳಿದರೆ ತಿರುಗುತ್ತದೆ. ಆದರೂ ಸ್ಪ್ರಿಂಗಿನಲ್ಲಿ ಕಸುವಿಲ್ಲ. ಅದರ ತುದಿ ಮುಚ್ಚಳಕ್ಕೆ ತಾಗಿಯೂ ತಾಗದಂತಿದೆ. ಇಕ್ಕಳದಲ್ಲಿ ಒಂದಿಷ್ಟು ಮೇಲಕ್ಕೆ ಬಾಗಿಸಬಹುದು. ಸ್ಪ್ರಿಂಗಿನ ಉಕ್ಕು ಒಂದೇ ಕಡೆ ಹೆಚ್ಚು ಬಾಗಿದರೆ ಮುರಿಯುವುದರಿಂದ ಸ್ವಲ್ಪವೇ ಎತ್ತಿ ಕೈಬಿಟ್ಟೆ.

ಉಳಿದ ಕೊರತೆಗೆ ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಬೀರುವಿನ ಬಾಗಿಲಿಗೆ ಅಂಟಿಸುವ ರಬ್ಬರ್ ಗುಂಡಿಗಳನ್ನು ತಂದಿದ್ದೆ. ಪಿನ್ನಿನ ಹತ್ತಿರ ಗೂಡಿನ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಒಂದನ್ನು ಅಂಟಿಸಿದೆ. ಮುಚ್ಚಿದಾಗ ರಬ್ಬರ್ ಒತ್ತಿಕೊಳ್ಳುತ್ತದೆ, ಪಿನ್ನು ಸರಿದ ಕೂಡಲೇ ಮುಚ್ಚಳವನ್ನು ತಳ್ಳುತ್ತದೆ. ತೀರ ದಪ್ಪನೆಯದಾದರೆ ಪಿನ್ನು ಕಚ್ಚುವುದೇ ಇಲ್ಲ. ಅದಕ್ಕೇ ತೆಳುವಾದುದನ್ನು ಆರಿಸಿದೆ. ಲಿವರ್ ಎಳೆದಾಗ ಮುಚ್ಚಳ ಬೆರಳು ತೂರುವಷ್ಟು ಎದ್ದು ನಿಂತಿತು. ನನಗಿಂತ ತಮ್ಮನಿಗೇ ಹೆಚ್ಚು ಖುಷಿ.

ಮುಂದಿನ ಕೆಲಸ

ರಬ್ಬರ್ ತಾತ್ಕಾಲಿಕ. ಬಿಸಿಲಿಗೆ ಅಂಟು ಸಡಿಲವಾಗಬಹುದು, ಹಾಗಾಗಿ ಹೊಸ ಪಟ್ಟಿ ಸ್ಪ್ರಿಂಗ್ ಕೇಳಿಟ್ಟಿದ್ದೇನೆ. ‘ಟಕ್’ ಸದ್ದೇ ಬರದ ಕಾರಿನವರು ಮೊದಲು ಲಿವರಿನ ಬುಡದಲ್ಲಿ ಕೇಬಲಿನ ಹೊರಕವಚ ತನ್ನ ಕೊಂಡಿಯಿಂದ ಕಳಚಿದೆಯೇ ನೋಡಿ. ಎಷ್ಟೋ ಕಾರುಗಳಲ್ಲಿ ಡಿಕ್ಕಿಯ ಪಕ್ಕದ ಹೊದಿಕೆಯ ಹಿಂದೆ ತುರ್ತಿಗೆ ಎಳೆಯುವ ದಾರವೋ ಹಿಡಿಕೆಯೋ ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಅದರ ಜಾಗ ಕೊಟ್ಟಿರುತ್ತಾರೆ.