ಇದು ಯಾವ ಜಾಗ? ಕೊನೆಯ ಸಲ ಹೇಳ್ತೀನಿ

ನನ್ನ ಕ್ಯಾನ್ವಾಸಿನ ಮುಂದೆ ನಿಂತವರು ಕೇಳುವುದು ಒಂದೇ ಪ್ರಶ್ನೆ, ಕೇಳುವ ಧಾಟಿ ಮಾತ್ರ ಬೇರೆ ಬೇರೆ. ‘ಇದು ಯಾವ ಜಾಗ ಸಾರ್?’ ಅನ್ನುವವರು ಸಭ್ಯರು. ‘ಇದು ಹಂಪಿನೇ ಅಲ್ವಾ?’ ಅನ್ನುವವರು ಉತ್ತರವನ್ನು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಮೂರನೆಯ ಗುಂಪಿನವರು ಮೊಬೈಲಿನಲ್ಲಿ ಫೋಟೊ ತೆಗೆದು, ಎರಡು ಬೆರಳಿನಲ್ಲಿ ಹಿಗ್ಗಿಸಿ, ‘ನೋಡಿ, ಇಲ್ಲೊಂದು ಎತ್ತಿನ ಗಾಡಿ ಬಚ್ಚಿಟ್ಟಿದ್ದೀರಿ’ ಎಂದು ಕಳ್ಳನನ್ನು ಹಿಡಿದವರ ಹಾಗೆ ನಗುತ್ತಾರೆ.

ಬಚ್ಚಿಟ್ಟಿಲ್ಲ. ಈ ಒಂದು ಕ್ರಿಯಾಪದಕ್ಕೇ ನನಗೆ ತಲೆ ಬಿಸಿಯಾಗುವುದು. ನಾನು ಮೊದಲು ಹೊಲ, ಬದು, ಬೇವಿನ ಮರ ಎಲ್ಲ ಅಚ್ಚುಕಟ್ಟಾಗಿ ಬಿಡಿಸಿ, ಆಮೇಲೆ ನಿಮ್ಮ ಮೇಲಿನ ಸಿಟ್ಟಿಗೆ ಅದರ ಮೇಲೆ ಬಣ್ಣ ಬಳಿದು ಮುಚ್ಚಿದ್ದೇನೆ ಎಂಬ ಹಾಗಿರುತ್ತದೆ ಆ ಮಾತು. ನಾನು ಬರೆಯುವ ಅಮೂರ್ತ ಚಿತ್ರ, ಅಂದರೆ ವಸ್ತುಗಳ ರೂಪ ಬಿಟ್ಟು ಬರೀ ಬಣ್ಣ, ಗೆರೆಯಲ್ಲೇ ನಿಲ್ಲುವ ಚಿತ್ರ, ಒಗಟು ಅಲ್ಲ. ಬಿಡಿಸಿದವರಿಗೆ ಬಹುಮಾನವೂ ಇಲ್ಲ.

ಜಾಗ ಯಾವುದು ಎಂದರೆ, ನವಲಗುಂದದಿಂದ ನರಗುಂದದ ಕಡೆಗೆ ಹರಡಿರುವ ಎರೆ ಭೂಮಿ. ಹೇಳಿಬಿಟ್ಟೆ. ಇದರಿಂದ ಚಿತ್ರ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಕಾಣಿಸಿತೇ? ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ 1967ರಿಂದ ಬರೆದ ನೂರಕ್ಕೂ ಹೆಚ್ಚು ಚಿತ್ರಗಳಿಗೆ ತನ್ನ ಸ್ಟುಡಿಯೊ ಇದ್ದ ಬಡಾವಣೆಯ ಹೆಸರನ್ನೇ ಇಟ್ಟ, ‘ಓಷನ್ ಪಾರ್ಕ್’ ಎಂದು, ಪಕ್ಕದಲ್ಲಿ ಒಂದೊಂದು ಸಂಖ್ಯೆ. ಆ ಹೆಸರು ಹಿಡಿದುಕೊಂಡು ಚಿತ್ರದೊಳಗೆ ಯಾವ ಬೀದಿಯನ್ನೂ ಹುಡುಕಲಾಗುವುದಿಲ್ಲ. ನಮ್ಮ ದೇಶದ ಚಿತ್ರಕಾರ ರಾಮ್ ಕುಮಾರ್ 1960ರಲ್ಲಿ ಕಾಶಿಗೆ ಹೋಗಿಬಂದ ಮೇಲೆ ಬರೆದ ಮೊದಲ ಚಿತ್ರಗಳಲ್ಲಿ ಮನೆಗಳು ಗುರುತು ಸಿಗುತ್ತವೆ. ಬರಬರುತ್ತ ಮನೆಗಳು ಕರಗಿ ಬರೀ ಬಣ್ಣದ ತುಂಡುಗಳಾದವು. ಕಾಶಿ ಅವರನ್ನು ಬಿಡಲಿಲ್ಲ, ಮನೆಗಳು ಬಿಟ್ಟುಹೋದವು.

ಈಗ ಕೆಲಸದ ವಿಷಯ.

ಜಾಗದಲ್ಲಿ ನಿಂತಾಗ ನಾನು ಫೋಟೊ ತೆಗೆಯುವುದಿಲ್ಲ. ಇದು ಜಂಬವಲ್ಲ, ಕಾರಣ ಇದೆ. ಫೋನಿನ ಮುಖ್ಯ ಲೆನ್ಸ್ ಅಗಲದ ಲೆನ್ಸ್. ದೂರದ ದಿಗಂತವನ್ನು ಇನ್ನೂ ದೂರ ತಳ್ಳಿ, ಕಾಲ ಬಳಿಯ ಹೆಂಟೆಯನ್ನು ದೊಡ್ಡದು ಮಾಡುತ್ತದೆ. ಸಾಲದ್ದಕ್ಕೆ ಒಳಗಿನ ತಂತ್ರಾಂಶ ನೆರಳನ್ನು ಎತ್ತಿ, ಬೆಳಕನ್ನು ಇಳಿಸಿ, ಎರೆ ಮಣ್ಣನ್ನು ಬೂದುಗಂದು ಮಾಡಿ ಕೈಗಿಡುತ್ತದೆ. ಆ ಬಯಲಿನಲ್ಲಿ ನೋಡಬೇಕಾದದ್ದೇ ಆಕಾಶಕ್ಕೂ ನೆಲಕ್ಕೂ ಇರುವ ಬೆಳಕಿನ ಅಂತರ. ಫೋನು ಮೊದಲು ಕೊಲ್ಲುವುದು ಅದನ್ನೇ. ಹಾಗಾಗಿ ಅಂಗೈಯಗಲದ ಪುಸ್ತಕ, 6ಬಿ ಪೆನ್ಸಿಲ್, ಮೂರೇ ಛಾಯೆ: ಕಾಗದದ ಬಿಳಿ, ಒಂದು ನಡು ಬೂದು, ಒಂದು ಕಪ್ಪು. ಒಂದು ಟಿಪ್ಪಣಿಗೆ ಹತ್ತು ನಿಮಿಷ. ಬಣ್ಣದ ಹೆಸರು ಬರೆಯುವುದಿಲ್ಲ, ಹೋಲಿಕೆ ಬರೆಯುತ್ತೇನೆ: ‘ಕುಸುಬೆ ಸಾಲು ಆಕಾಶಕ್ಕಿಂತ ಬೆಚ್ಚಗೆ, ಆದರೆ ಅದಕ್ಕಿಂತ ಕಪ್ಪು’. ‘ಹಳದಿ’ ಎಂದು ಬರೆದುಕೊಂಡರೆ ಮನೆಗೆ ಬಂದು ಟ್ಯೂಬಿನ ಹಳದಿಯನ್ನೇ ಹಿಂಡುತ್ತೀರಿ, ಚಿತ್ರ ಅಲ್ಲಿಗೆ ಮುಗಿಯಿತು.

ಕ್ಯಾನ್ವಾಸಿನ ತಯಾರಿ ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಮೊದಲು ತೆಳು ಪಿವಿಎ (ಬಿಳಿ ಸಿಂಥೆಟಿಕ್) ಅಂಟಿನ ಒಂದು ಕೋಟು. ಹಳೇ ಪುಸ್ತಕಗಳು ಮೊಲದ ಚರ್ಮದ ಅಂಟು ಎನ್ನುತ್ತವೆ. ಅದು ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಎಳೆಯುತ್ತದೆ. ನಮ್ಮ ಮಳೆಗಾಲಕ್ಕೆ ಅದು ಬೇಡ. ಮೇಲೆ ಅಕ್ರಿಲಿಕ್ ಜೆಸ್ಸೊ (ಬಣ್ಣ ಹಿಡಿಯಲೆಂದು ಕೆಳಗೆ ಬಳಿಯುವ ಬಿಳಿ ಲೇಪ) ಮೂರು ಕೋಟು, ನಡುನಡುವೆ 220 ನಂಬರಿನ ಉಪ್ಪುಕಾಗದ. ಮೂರು ದಿನ ಹಾಗೇ ಬಿಡಿ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಿಲ್ಲುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಿಲ್ಲುವುದಿಲ್ಲ. ಇದನ್ನು ಉಲ್ಟಾ ಮಾಡಿದವರ ಚಿತ್ರ ಕೆಲ ವರ್ಷಕ್ಕೆ ಹಪ್ಪಳದ ಹಾಗೆ ಏಳುತ್ತದೆ.

ನಿಜವಾದ ಜಗಳ ಶುರುವಾಗುವುದು ಒಂದು ಅಡ್ಡಗೆರೆಯಿಂದ. ಖಾಲಿ ಕ್ಯಾನ್ವಾಸಿನ ಮೇಲೆ ಎಲ್ಲಾದರೂ ಒಂದು ಅಡ್ಡಗೆರೆ ಎಳೆಯಿರಿ, ನೋಡುವವರ ಕಣ್ಣು ತಕ್ಷಣ ಮೇಲಿನದು ಆಕಾಶ, ಕೆಳಗಿನದು ನೆಲ ಎಂದು ತೀರ್ಮಾನಿಸಿಬಿಡುತ್ತದೆ. ಮೇಲೆ ಚೂರು ನೀಲಿ ಬಿತ್ತೋ, ಮೇಲ್ಮನವಿಗೂ ಅವಕಾಶವಿಲ್ಲ. ‘ಇದು ಯಾವ ಜಾಗ’ ಎಂಬ ಪ್ರಶ್ನೆ ಹುಟ್ಟುವುದು ಆ ಗೆರೆಯಲ್ಲೇ. ಗೆರೆ ಬಿಡೋಣ ಎಂದರೆ ಬಯಲೇ ಹೋಗುತ್ತದೆ, ಯಾಕೆಂದರೆ ಆ ಊರುಗಳ ಕಡೆ ಇರುವುದೇ ಆ ಗೆರೆ. ಹಾಗಾಗಿ ಗೆರೆಯನ್ನು ಇಟ್ಟುಕೊಂಡೇ ಅದರ ಸೊಕ್ಕು ಮುರಿಯಬೇಕು. 120 ಸೆಂ.ಮೀ. ಎತ್ತರದ ಕ್ಯಾನ್ವಾಸಿನಲ್ಲಿ ನಾನದನ್ನು ಮೇಲಿನ ಅಂಚಿನಿಂದ ಹದಿನೈದು ಸೆಂ.ಮೀ. ಒಳಗೆ ತಳ್ಳುತ್ತೇನೆ. ಆಗ ಆಕಾಶ ಒಂದು ಪಟ್ಟಿ ಮಾತ್ರ ಆಗುತ್ತದೆ, ನೆಲ ಎದ್ದು ಗೋಡೆಯ ಹಾಗೆ ಎದುರಿಗೆ ನಿಲ್ಲುತ್ತದೆ. ಇನ್ನೊಂದು ದಾರಿ, ಗೆರೆಯನ್ನು ಎರಡೂ ಅಂಚಿಗೆ ಮುಟ್ಟಿಸದೆ ಒಂದು ಕಡೆ ಸುತ್ತಲಿನ ಬಣ್ಣದಲ್ಲೇ ಕಳೆದುಬಿಡುವುದು. ಮತ್ತೊಂದು, ಅತಿ ಬೆಳಕಿನ ಬಣ್ಣವನ್ನು ಗೆರೆಯ ಕೆಳಗೆ ಇಡುವುದು. ಅಡ್ಡ ಕ್ಯಾನ್ವಾಸಿಗಿಂತ ಉದ್ದುದ್ದ ನಿಲ್ಲಿಸಿದ್ದರಲ್ಲಿ ಇದೆಲ್ಲ ಸುಲಭ. ದಿನಕ್ಕೊಮ್ಮೆಯಾದರೂ ಚಿತ್ರವನ್ನು ತಲೆಕೆಳಗು ನಿಲ್ಲಿಸುತ್ತೇನೆ. ತಲೆಕೆಳಗಾದಾಗಲೂ ಅದು ಬರೀ ‘ಸೀನರಿ’ಯಾಗಿಯೇ ಕಂಡರೆ ಕೆಲಸ ಇನ್ನೂ ಇದೆ ಅಂತ.

ಎರೆ ಮಣ್ಣಿನ ಕಪ್ಪಿಗೆ ನಾನು ಟ್ಯೂಬಿನ ಐವರಿ ಬ್ಲ್ಯಾಕ್ ಮುಟ್ಟುವುದಿಲ್ಲ. ಅದು ಎಣ್ಣೆ ಜಾಸ್ತಿ ಕುಡಿಯುವ, ನಿಧಾನ ಒಣಗುವ ಬಣ್ಣ. ಕೆಳಪದರದಲ್ಲಿ ಹಾಕಿದರೆ ಮೇಲಿನದು ಮೊದಲು ಒಣಗಿ ಸೀಳುತ್ತದೆ. ಎರಡು ಪಾಲು ಬರ್ನ್ಟ್ ಅಂಬರ್ ಎಂಬ ಕಡುಗಂದು, ಒಂದೂವರೆ ಪಾಲು ಅಲ್ಟ್ರಾಮರೀನ್ ನೀಲಿ ಕಲಸಿ, ಸಾಕು. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಒಣಗುವುದನ್ನು ಚುರುಕು ಮಾಡುತ್ತದೆ. ನೀಲಿ ಏರಿಸಿದರೆ ಮಳೆಯಾದ ಮಾರನೆಯ ದಿನದ ಹೊಲ, ಅಂಬರ್ ಏರಿಸಿ ಚೂರು ಬಿಳಿ ಮುಟ್ಟಿಸಿದರೆ ಮೇ ತಿಂಗಳ ಹೊಲ.

ಇಲ್ಲೊಂದು ಸಂಗತಿ ನನಗೆ ಯಾವಾಗಲೂ ಖುಷಿ ಕೊಡುತ್ತದೆ. ಹಸಿ ಮಣ್ಣು ಕಪ್ಪಗೆ, ಒಣ ಮಣ್ಣು ಬೂದಿಯ ಹಾಗೆ ಯಾಕೆ ಕಾಣುತ್ತದೆ? ಒಣಗಿದಾಗ ಕಣಗಳ ನಡುವೆ ಗಾಳಿ ಇರುತ್ತದೆ, ಬೆಳಕು ಮೇಲೇ ಚದುರಿ ವಾಪಸ್ ಬರುತ್ತದೆ. ನೀರು ಆ ಸಂದು ತುಂಬಿದಾಗ ಬೆಳಕು ಒಳಗಿಳಿದು ಅಲ್ಲೇ ಉಳಿಯುತ್ತದೆ. ಎಣ್ಣೆಬಣ್ಣದಲ್ಲೂ ಇದೇ ಆಟ. ಕೆಳಗಿನ ಜೆಸ್ಸೊ ಎಣ್ಣೆಯನ್ನು ಹೀರಿಕೊಂಡರೆ ಒಣಗಿದ ಮೇಲೆ ಅಲ್ಲಲ್ಲಿ ಬಣ್ಣ ಡಲ್ ಹೊಡೆದು ತೇಪೆ ತೇಪೆಯಾಗುತ್ತದೆ. ಹೊಸಬರು ಗಾಬರಿಯಾಗಿ ಅದರ ಮೇಲೆ ಇನ್ನಷ್ಟು ಬಣ್ಣ ಬಳಿಯುತ್ತಾರೆ. ಬೇಡ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಗಸೆ ಎಣ್ಣೆ, ಟರ್ಪೆಂಟೈನ್ ಸಮ ಸಮ ಬೆರೆಸಿ ಬಟ್ಟೆಯಲ್ಲಿ ತೆಳುವಾಗಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಒಣ ಹೊಲಕ್ಕೆ ನೀರು ಬಿಟ್ಟ ಹಾಗೆ ಬಣ್ಣ ಮತ್ತೆ ಕಪ್ಪೇರುತ್ತದೆ. ಬೇಸಿಗೆಯ ಹೊಲ ಬೇಕಾದಾಗ ನಾನು ಆ ಡಲ್ ತೇಪೆಗಳನ್ನು ಬೇಕೆಂದೇ ಬಿಡುತ್ತೇನೆ. ಅಂಥ ಚಿತ್ರಕ್ಕೆ ಯಾರಾದರೂ ಪಳಪಳ ವಾರ್ನಿಷ್ ಹೊಡೆದರೆ ಮೇ ತಿಂಗಳಲ್ಲಿ ಮುಂಗಾರು ಸುರಿದ ಹಾಗೆ. ನಾಲ್ಕು ವಾರದ ಕೆಲಸ ಐದು ನಿಮಿಷದಲ್ಲಿ ನೀರುಪಾಲು. ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಇದೆ. ಅದನ್ನೂ ಕನಿಷ್ಠ ಆರು ತಿಂಗಳ ಮೇಲೆ, ದಪ್ಪ ಬಣ್ಣವಿದ್ದರೆ ವರ್ಷದ ಮೇಲೆ. ಎಣ್ಣೆ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಫ್ಯಾನ್ ಕೆಳಗಿಟ್ಟರೆ ಒದ್ದೆ ಪಂಚೆಯ ಹಾಗೆ ಒಣಗುತ್ತದೆ ಎಂದುಕೊಳ್ಳಬೇಡಿ.

ಪದರಗಳ ಲೆಕ್ಕವೂ ಇಲ್ಲೇ ಬರಲಿ. ಮೊದಲ ಪದರಕ್ಕೆ ಒಂದು ಪಾಲು ಎಣ್ಣೆ, ನಾಲ್ಕು ಪಾಲು ಟರ್ಪೆಂಟೈನ್. ಎರಡನೆಯದಕ್ಕೆ ಒಂದಕ್ಕೆ ಎರಡು. ಮೂರನೆಯದಕ್ಕೆ ಸಮ ಸಮ. ಮೇಲೆ ಹೋದಷ್ಟೂ ಎಣ್ಣೆಯ ಪಾಲು ಏರಬೇಕು, ಇಳಿಯಬಾರದು. ಇಳಿಸಿದರೆ ಬಿರುಕು. ಆ ಬಿರುಕನ್ನು ನೋಡಿ ‘ಆಹಾ, ಎರೆ ಹೊಲ ಬಾಯಿ ಬಿಟ್ಟ ಹಾಗೇ ಇದೆ’ ಎಂದು ಮೆಚ್ಚುವವರೂ ಇದ್ದಾರೆ. ಎರೆ ಮಣ್ಣು ಸೀಳುವುದು ಅದರ ಜೇಡಿ ನೀರು ಕಳೆದುಕೊಂಡು ಕುಗ್ಗುವುದರಿಂದ. ಚಿತ್ರ ಸೀಳುವುದು ಬರೆದವನ ಅವಸರದಿಂದ. ದಯವಿಟ್ಟು ಮೆಚ್ಚಬೇಡಿ.

ಎಣ್ಣೆಯ ಮಾತು ಬಂತು, ‘ಜಾಗ’ ಕೇಳುವವರು ಸ್ವಲ್ಪ ಕಿವಿಗೊಡಿ. ಆ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ ಬೆಳೆಯುತ್ತಾರೆ. ಜೊತೆಗೆ ಅಗಸೆ, ಕುಸುಬೆ. ದನ ನುಗ್ಗದಂತೆ ಮುಳ್ಳಿನ ಕುಸುಬೆಯನ್ನು ಅಂಚಿಗೆ ಹಾಕುವುದುಂಟು. ಎಣ್ಣೆಬಣ್ಣದಲ್ಲಿರುವ ಎಣ್ಣೆ ಹೆಚ್ಚಿನ ಟ್ಯೂಬುಗಳಲ್ಲಿ ಅಗಸೆಯದೇ, ರೊಟ್ಟಿ ಜೊತೆ ಹಿಂಡಿಯಾಗಿ (ಚಟ್ನಿಪುಡಿಯಾಗಿ) ತಟ್ಟೆಗೆ ಬರುವ ಅದೇ ಅಗಸೆ. ಲಿನನ್ ಕ್ಯಾನ್ವಾಸು ಅದೇ ಗಿಡದ ನಾರಿನದು. ಕುಸುಬೆ ಎಣ್ಣೆ ಅಷ್ಟು ಹಳದಿಯಾಗುವುದಿಲ್ಲವೆಂದು ಎಷ್ಟೋ ಬಿಳಿ ಟ್ಯೂಬುಗಳನ್ನು ಅದರಲ್ಲೇ ಅರೆಯುತ್ತಾರೆ. ಆದರೆ ಅದು ನಿಧಾನ ಒಣಗುತ್ತದೆ, ಪದರವೂ ಅಗಸೆಯಷ್ಟು ಗಟ್ಟಿಯಲ್ಲ. ಹಾಗಾಗಿ ಅಂಥ ಬಿಳಿಯನ್ನು ಕೆಳಪದರಕ್ಕೆ ಹಾಕಬೇಡಿ. ಇದನ್ನು ಓದಿ ಗಾಣಕ್ಕೆ ಹೋಗಿ ಅಗಸೆ ಎಣ್ಣೆ ತರಲೂ ಬೇಡಿ. ಅದರಲ್ಲಿ ಲೋಳೆ ಉಳಿದಿರುತ್ತದೆ, ತೊಳೆದು ತಿಳಿ ಮಾಡದಿದ್ದರೆ ಬಣ್ಣ ಕೆಡುತ್ತದೆ. ಹಾರ್ಡ್‌ವೇರ್ ಅಂಗಡಿಯ ‘ಬಾಯ್ಲ್ಡ್’ ಎಣ್ಣೆ ಬಾಗಿಲಿಗೆ ಹೊಡೆಯುವುದಕ್ಕೆ. ಕೊಬ್ಬರಿ ಎಣ್ಣೆ ಆಗುತ್ತದಾ ಎಂದು ಕೇಳುವವರಿಗೆ: ಆಗುತ್ತದೆ, ತಲೆಗೆ. ಅದು ಯಾವತ್ತೂ ಒಣಗುವ ಎಣ್ಣೆಯಲ್ಲ.

ನನ್ನನ್ನು ಯಾರೂ ಕೇಳದ, ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ ಇದೆ: ಇದರಲ್ಲಿ ಎಷ್ಟು ಕೆರೆದಿದ್ದೀರಿ?

ಹಚ್ಚಿದ್ದಕ್ಕಿಂತ ಕೆರೆದದ್ದೇ ಹೆಚ್ಚು. ಚಿತ್ರಕಾರ ವಿ.ಎಸ್. ಗಾಯ್ತೊಂಡೆ ರೋಲರ್, ಪ್ಯಾಲೆಟ್ ನೈಫ್ (ಬಣ್ಣ ಕಲಸುವ ಚಪ್ಪಟೆ ಚಾಕು) ಹಿಡಿದು ಬಣ್ಣ ಹಚ್ಚಿ ತೆಗೆದು ಎಂಥ ಬೆಳಕು ತಂದರು ಎಂದು ನೋಡಿದವರಿಗೆ ಇದು ಹೊಸದಲ್ಲ. ನನ್ನ ಹತ್ತಿರ ಗಾರೆ ಕೆಲಸದ ಕರಣೆ ಇದೆ, ಕಿಟಕಿ ಗಾಜು ಒರೆಸುವ ರಬ್ಬರ್ ಪಟ್ಟಿ ಇದೆ, ಅವಧಿ ಮುಗಿದ ಎಟಿಎಂ ಕಾರ್ಡುಗಳಿವೆ. ಬಣ್ಣ ಹಚ್ಚಿದ ಮೊದಲ ದಿನ ರಬ್ಬರ್ ಪಟ್ಟಿ ಎಳೆದರೆ ಬಣ್ಣವೆಲ್ಲ ಬಂದು, ನೇಯ್ಗೆಯ ತಗ್ಗುಗಳಲ್ಲಿ ಮಾತ್ರ ಉಳಿಯುತ್ತದೆ. ಕೆಳಗಿನ ಕಾವಿ ಬಣ್ಣ ನೂಲಿನ ಉಬ್ಬಿನಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತದೆ. ಕೊಯ್ಲಾದ ಜೋಳದ ಹೊಲದ ಕೂಳೆಯನ್ನು ದೂರದಿಂದ ನೋಡಿದರೆ ಸರಿಯಾಗಿ ಹೀಗೇ ಕಾಣುತ್ತದೆ. ಬ್ರಶ್ ಹಿಡಿದು ಚುಕ್ಕೆ ಇಡುತ್ತ ಕೂತರೆ ಬರುವುದಿಲ್ಲ. ಎರಡು ಮೂರು ದಿನ ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ. ಆಗ ಕರಣೆಯ ಅಂಚಿನಲ್ಲಿ ಎಳೆದರೆ ಕೆನೆ ಹರಿದು ಹಸಿ ಬಣ್ಣ ಕಾಣುತ್ತದೆ, ನೇಗಿಲು ಎಳೆದ ಸಾಲಿನ ಹಾಗೆ. ಈ ಹದ ಸಿಗುವುದು ಅರ್ಧ ದಿನ ಮಾತ್ರ. ಮಳೆಗಾಲದಲ್ಲಿ ನಾಲ್ಕನೆಯ ದಿನಕ್ಕೂ ಹೋಗಬಹುದು. ಬೆರಳ ತುದಿಯಲ್ಲಿ ಮುಟ್ಟಿ ನೋಡುವುದು ಬಿಟ್ಟರೆ ಬೇರೆ ಅಳತೆಯಿಲ್ಲ. ಹದ ತಪ್ಪಿ ಪೂರ್ತಿ ಒಣಗಿದ್ದರೆ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿಕೊಂಡು. ಕ್ಯಾಡ್ಮಿಯಂ ಹಳದಿಯ ಪುಡಿ ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ.

ಕೆರೆಯುವಾಗ ಎಲ್ಲರೂ ಮಾಡುವ ತಪ್ಪು, ಪ್ರತಿ ಎಳೆತಕ್ಕೂ ಕರಣೆ ಒರೆಸದಿರುವುದು. ಮೂರು ಹಸಿ ಬಣ್ಣ ಸೇರಿದ ಕೂಡಲೇ ರಾಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ, ಮುದ್ದೆಯೊಳಗೆ ಆ ಬಿಸಿಗೆ ಹೋಗಲು ದಾರಿಯಿರುವುದಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿಡಿ.

ಇಷ್ಟು ಕೆರೆದ ಮೇಲೆ ಆ ಎತ್ತಿನ ಗಾಡಿ ಎಲ್ಲಿಂದ ಬಂತು ಎಂದರೆ, ಎರಡು ಎಳೆತಗಳು ಒಂದನ್ನೊಂದು ದಾಟಿದ ಕಡೆ ಉಳಿದ ಬಣ್ಣ ಅದು. ನಿಮಗೆ ಗಾಡಿ ಕಂಡರೆ ಕಾಣಲಿ, ತೆರಿಗೆಯೇನಿಲ್ಲ. ನನಗೆ ಕಂಡಿದ್ದರೆ ಕೆರೆದು ಹಾಕುತ್ತಿದ್ದೆ. ಅಂಥ ಒಂದು ವಸ್ತು ಗುರುತು ಸಿಕ್ಕರೆ ಕಣ್ಣು ಅಲ್ಲೇ ಕೂತುಬಿಡುತ್ತದೆ, ಉಳಿದ ಬಯಲೆಲ್ಲ ಅದರ ಹಿನ್ನೆಲೆಯಾಗಿಬಿಡುತ್ತದೆ.

ಚಿತ್ರ ತೆಗೆದುಕೊಂಡು ಹೋದವರು ಮೊದಲ ವರ್ಷ ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಡಬೇಡಿ. ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಯಾಗುತ್ತದೆ. ಆಗಿದ್ದರೆ ಕೆಲವು ವಾರ ಕಿಟಕಿಯ ಬೆಳಕಿಗೆ, ನೇರ ಬಿಸಿಲಿಗಲ್ಲ, ಇಟ್ಟು ನೋಡಿ, ಬಹುಪಾಲು ಇಳಿಯುತ್ತದೆ. ಗೋಡೆಗೂ ಕ್ಯಾನ್ವಾಸಿಗೂ ಒಂದು ಬೆರಳು ಸಂದಿರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಂಭಾಗ ಬೂಷ್ಟು ಹಿಡಿಯುತ್ತದೆ.

ಜಾಗ, ತಿಂಗಳು, ಹೊತ್ತು, ಪ್ರತಿ ಪದರದ ಎಣ್ಣೆಯ ಪಾಲು, ಎಷ್ಟು ಸಲ ಕೆರೆದದ್ದು, ಎಲ್ಲವನ್ನೂ ಹಿಂದಿನ ಮರದ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿರುತ್ತೇನೆ. ಬಟ್ಟೆಯ ಮೇಲೆ ಬರೆಯುವುದಿಲ್ಲ, ಮಾರ್ಕರ್ ಶಾಯಿ ಮುಂದಕ್ಕೆ ಸೋರುತ್ತದೆ. ಊರಿನ ಹೆಸರು ಬೇಕೇ ಬೇಕು ಎನ್ನುವವರು ಚಿತ್ರ ತಿರುಗಿಸಿ ಓದಿಕೊಳ್ಳಿ. ಮುಂದಿನ ಭಾಗ ಒಣಗಿದೆಯೇ ಎಂದು ನನ್ನನ್ನು ಒಂದು ಮಾತು ಕೇಳಿ, ಆಮೇಲೆ.